ಬಾಡಿಗೆ ಲೈಟ್ ಬಿಟ್ಟು ಮುಂಬೈನ ಲೋಹಾರ್ ಚಾಳ್‌ಗೆ ಹೋದೆವು

ಗೋವಾದ ಮಡಗಾಂವ್ ಹತ್ತಿರದ ಸಣ್ಣ ಊರು ನಮ್ಮದು. ಪ್ರತಿ ಡಿಸೆಂಬರ್‌ನಲ್ಲೂ ಚಾಪೆಲ್‌ನಿಂದ ಬಸ್ ಸ್ಟ್ಯಾಂಡ್‌ವರೆಗೆ ಕ್ರಿಸ್‌ಮಸ್ ಲೈಟ್ ಹಾಕಿಸುತ್ತೇವೆ. ಖರ್ಚಿಗೆ ಬೀದಿಯವರದ್ದೇ ಪಟ್ಟಿ. ಹಾವೇರಿ, ಗದಗ ಕಡೆಯಿಂದ ಬಂದ ನಾವೂ ಕೊಡುತ್ತೇವೆ, ನಮ್ಮ ಗಣಪತಿಗೆ ಅವರು ಕೊಡೋದಿಲ್ವಾ?

ಕಳೆದ ವರ್ಷ ಪೇಟೆಯಲ್ಲಿ ಎರಡು ದೊಡ್ಡ ಅಂಗಡಿ ಮುಚ್ಚಿದವು. ಪಟ್ಟಿ 38,000ಕ್ಕೆ ನಿಂತುಬಿಟ್ಟಿತು. ಬಾಡಿಗೆ ಲೈಟಿನವರು ಕೇಳಿದ್ದು 65,000. ಅವರಿಗೂ ಅದೇ ಸೀಸನ್: ಡಿಸೆಂಬರ್ 3ಕ್ಕೆ ಹಳೇ ಗೋವಾದ ಫೆಸ್ತ್ (ಚರ್ಚ್ ಹಬ್ಬ), 8ಕ್ಕೆ ಪಣಜಿ, ಮಡಗಾಂವ್‌ನಲ್ಲಿ ಫೆಸ್ತ್, ನಡುವೆ ಮದುವೆಗಳು. ನಮಗೆ 24ರಿಂದ ಜನವರಿ 6ರ ಮೂರು ರಾಜರ ಹಬ್ಬದವರೆಗೆ ಬೇಕು, ಅಂದರೆ 14 ರಾತ್ರಿ. ‘ಈ ಸಲ ಚಾಪೆಲ್‌ಗಷ್ಟೇ ಹಾಕೋಣ’ ಅಂತ ಕಮಿಟಿಯ ಹಿರಿಯ ಹೆಂಗಸು ಹೇಳಿದಾಗ ಯಾರೂ ಮಾತಾಡಲಿಲ್ಲ. ನನಗಂತೂ ಹೊಟ್ಟೆಯಲ್ಲಿ ಸಂಕಟ ಆಯಿತು.

ಬಾಡಿಗೆ ಬದಲು ಲೈಟ್ ಕೊಂಡೇ ಬಿಡೋಣ ಅಂತ ಅವತ್ತೇ ನಾನು, ಇನ್ನೊಬ್ಬರು ಕೊಂಕಣ ಕನ್ಯಾ ರೈಲು ಹತ್ತಿದೆವು. ಬೆಳಿಗ್ಗೆ ಮುಂಬೈ ಸಿಎಸ್‌ಎಂಟಿ. ಅಲ್ಲಿಂದ ಕ್ರಾಫರ್ಡ್ ಮಾರ್ಕೆಟ್ ದಾಟಿದರೆ ಲೋಹಾರ್ ಚಾಳ್, ಪೂರ್ತಿ ಎಲೆಕ್ಟ್ರಿಕ್ ಸಾಮಾನಿನ ಹೋಲ್‌ಸೇಲ್ ಗಲ್ಲಿ. ಕೈಗಾಡಿಗಳ ನಡುವೆ ನಡೆಯೋಕೂ ಜಾಗ ಇರಲ್ಲ.

ನಾವು ಲೈಟ್ ತಗೊಂಡ ಅಂಗಡಿ ತುಂಬಾ ಚಿಕ್ಕದು, ಒಳಗೆ ಮೂರು ಜನ ನಿಂತರೆ ಆಯಿತು. ಆದರೆ 90 ಸೀರಿಯಲ್ ಸೆಟ್‌ಗಳನ್ನೂ ಒಂದೊಂದಾಗಿ ಪ್ಲಗ್‌ಗೆ ಹಾಕಿ ತೋರಿಸಿದರು! ಕೆಲಸದ ಹುಡುಗ ಸರವನ್ನು ಮೊಣಕೈಗೆ ಸುತ್ತುತ್ತಾ, ಪ್ರತಿ ಜಾಯಿಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಸ್ವಲ್ಪ ಮಿಣುಕಿದರೂ ಪಕ್ಕಕ್ಕೆ ಹಾಕುತ್ತಿದ್ದ. ನಮ್ಮ ಮಾತು ಕೇಳಿ ‘ಯಾವೂರ್ರೀ ಅಣ್ಣಾರ?’ ಅಂದ. ಅವನದು ವಿಜಯಪುರ ಕಡೆಯ ಇಂಡಿ. ಆಮೇಲೆ ಎಲ್ಲ ವಿವರ ಕನ್ನಡದಲ್ಲೇ ಸಿಕ್ಕಿತು: ಹೊರಗೆ ಹಾಕುವುದಾದರೆ ಐಪಿ65 (ನೀರು, ಧೂಳು ತಡೆಯುವ ಗುರುತು) ಇರುವುದನ್ನೇ ತಗೊಳ್ರಿ, ಸುಮ್ನೆ ವಾಟರ್‌ಪ್ರೂಫ್ ಅಂತ ಡಬ್ಬಿ ಮೇಲೆ ಬರೆದದ್ದನ್ನು ನಂಬಬೇಡ್ರಿ, ಒಂದಕ್ಕೊಂದು ಜೋಡಿಸುತ್ತಾ ಹೋಗಬೇಡ್ರಿ, ವೈರ್ ಬಿಸಿ ಆಗ್ತದ.

ಒಂದು ಸೆಟ್ 10 ಮೀಟರ್, 160 ರೂಪಾಯಿ. ವೈರು, ನಾಲ್ಕು ದೊಡ್ಡ ನಕ್ಷತ್ರ ಎಲ್ಲಾ ಸೇರಿ 27,400, ಪಕ್ಕಾ ಬಿಲ್ ಸಮೇತ. ಕಮಿಟಿ ಲೆಕ್ಕಕ್ಕೆ ಬಿಲ್ ಬೇಕೇ ಬೇಕು. ಉಳಿದ ದುಡ್ಡಲ್ಲಿ ತಾತ್ಕಾಲಿಕ ಕರೆಂಟ್ ಕನೆಕ್ಷನ್, ಏಣಿ ಹತ್ತುವವರ ಕೂಲಿ ಮುಗಿಯಿತು. ಎಲ್‌ಇಡಿ ಆದ್ದರಿಂದ ಒಂದು ಸೆಟ್‌ಗೆ ಐದು ವ್ಯಾಟ್ ಅಷ್ಟೇ. ಇಡೀ ಬೀದಿ ಸೇರಿದರೂ ಮನೆಯ ಒಂದು ಮಿಕ್ಸಿಗಿಂತ ಜಾಸ್ತಿ ಎಳೆಯಲ್ಲ.

ಬೇಸರದ ವಿಷಯವೂ ಇದೆ. ಲೈಟ್ ಬದಲಿಸುವ ಕಂಟ್ರೋಲರ್ ಡಬ್ಬಿ ಚೆನ್ನಾಗಿಲ್ಲ. ಇಬ್ಬನಿಗೆ ಮೊದಲ ವಾರದಲ್ಲೇ 11 ಕೆಟ್ಟವು. ಫೋನ್ ಮಾಡಿದರೆ ಬದಲಿಸಿ ಕೊಟ್ಟರು, ಆದರೆ ಕೊರಿಯರ್ ಖರ್ಚು ನಮ್ಮದೇ ಅಂದರು. ಅದು ಸರಿ ಅನ್ನಿಸಲಿಲ್ಲ. ಹೋಗುವವರು ಡಬ್ಬಿಗೆ ಪ್ಲಾಸ್ಟಿಕ್ ಕಟ್ಟಿ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ.

ಜನವರಿ 7ಕ್ಕೆ ಹುಡುಗರು ಎಲ್ಲ ಇಳಿಸಿ, ರಟ್ಟಿಗೆ ಸುತ್ತಿ, ನಂಬರ್ ಬರೆದು ಗೋಣಿಚೀಲದಲ್ಲಿ ಇಟ್ಟಿದ್ದಾರೆ. ಈ ವರ್ಷ ಹೊಸದಾಗಿ ಬೇಕಿರುವುದು 20 ಸೆಟ್. ಅದೇ ಅಂಗಡಿಗೇ ಹೋಗುತ್ತೇವೆ.