ಉದ್ಯಮಬಾಗದ ಶೆಡ್ಡಿಗೆ ಕ್ವೆಸ್ಟ್ 3: ವಿಆರ್, ಎಆರ್‌ಗಿಂತ ಹೆಚ್ಚೇನು ಸಿಗುತ್ತದೆ?

"ಇದೂ ವಿಆರ್ ಅಲ್ಲೇನ್ರಿ? ಹೆಸರಷ್ಟ ಬ್ಯಾರೆ ಏನು?" ಮಿಕ್ಸ್ಡ್ ರಿಯಾಲಿಟಿ ಹೆಡ್‌ಸೆಟ್ ಮುಂದಿಟ್ಟರೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ವರ್ಕ್‌ಶಾಪುಗಳಲ್ಲಿ ಮೊದಲು ಬರುವ ಪ್ರಶ್ನೆ ಇದೇ. ಪ್ರಶ್ನೆ ಸರಿಯಾಗಿಯೇ ಇದೆ. ವಿಆರ್ ಎಂದರೆ ಹೊರಗಿನದನ್ನು ಮರೆಮಾಡಿ ಪೂರ್ತಿ ಕೃತಕ ಜಗತ್ತನ್ನು ತೋರಿಸುವುದು, ಎಆರ್ ಎಂದರೆ ನಿಜ ದೃಶ್ಯದ ಮೇಲೆ ಕೃತಕ ಚಿತ್ರವನ್ನು ಕೂಡಿಸುವುದು. 2023ರ ಅಕ್ಟೋಬರ್‌ನಲ್ಲಿ ಬಂದ ಮೆಟಾ ಕ್ವೆಸ್ಟ್ 3 ಮೂಲತಃ ವಿಆರ್ ಹೆಡ್‌ಸೆಟ್ಟೇ, ಕಣ್ಣನ್ನು ಪೂರ್ತಿ ಮುಚ್ಚುತ್ತದೆ. ಮುಂಭಾಗದ ಎರಡು ಕಲರ್ ಕ್ಯಾಮೆರಾಗಳು ಹೊರಗಿನ ದೃಶ್ಯವನ್ನು ಒಳಗಿನ ಪರದೆಗೆ ತರುತ್ತವೆ. ಅವುಗಳ ನಡುವಿನ ಡೆಪ್ತ್ ಸೆನ್ಸರ್ ನೆಲ, ಗೋಡೆ, ಕಂಬ ಎಷ್ಟೆಷ್ಟು ದೂರದಲ್ಲಿವೆ ಎಂದು ಅಳೆಯುತ್ತದೆ. ಹೊಸತೇನಾದರೂ ಇದ್ದರೆ ಅದು ಈ ಅಳತೆಯಲ್ಲಿದೆ.

'ಮಿಕ್ಸ್ಡ್ ರಿಯಾಲಿಟಿ' ಎಂಬ ಮಾತನ್ನು 1994ರಲ್ಲಿ ಬಳಕೆಗೆ ತಂದ ಸಂಶೋಧಕರಾದ ಮಿಲ್‌ಗ್ರಾಮ್ ಮತ್ತು ಕಿಶಿನೊ ಅದನ್ನು ಮೂರನೇ ಜಾತಿ ಎಂದಿರಲಿಲ್ಲ. ಒಂದು ತುದಿಗೆ ನಿಜ ಜಗತ್ತು, ಇನ್ನೊಂದು ತುದಿಗೆ ವಿಆರ್. ನಡುವಿನದೆಲ್ಲ ಮಿಕ್ಸ್ಡ್, ಎಆರ್ ಕೂಡ ಅದರೊಳಗೇ. ಹಾಗಾಗಿ ಪೆಟ್ಟಿಗೆಯ ಮೇಲಿನ ಹೆಸರನ್ನು ಬಿಟ್ಟು ಕೆಲಸವನ್ನು ನೋಡುವುದು ಒಳ್ಳೆಯದು.

ಉದ್ಯಮಬಾಗದಂಥ ಕಡೆ ಈ ಹೆಡ್‌ಸೆಟ್ ನಿಜಕ್ಕೂ ದುಡಿಯುವ ಕೆಲಸ ಒಂದಿದೆ: ಹೊಸ ವಿಎಂಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ) ಮಷೀನು ಬರುವ ಮೊದಲೇ ಅದನ್ನು ಪೂರ್ತಿ ಅಳತೆಯಲ್ಲಿ ಶೆಡ್ಡಿನಲ್ಲಿ ನಿಲ್ಲಿಸಿ ನೋಡುವುದು. ಫೋನಿನ ಎಆರ್‌ನಲ್ಲೂ ನಿಲ್ಲಿಸಬಹುದು, ಆದರೆ ಕೈ ಫೋನಿಗೇ ಮೀಸಲು, ಅಂಗೈಯಗಲದ ಕಿಂಡಿಯಲ್ಲಿ ನೋಡಬೇಕು, ಎರಡು ಕಣ್ಣಿಗೂ ಒಂದೇ ಚಿತ್ರವಾದ್ದರಿಂದ ಆಳ ಸರಿಯಾಗಿ ಗೊತ್ತಾಗುವುದಿಲ್ಲ. ವಿಆರ್‌ನಲ್ಲಿ ಆಳ ಸಿಗುತ್ತದೆ, ಶೆಡ್ಡೇ ಮಾಯವಾಗುತ್ತದೆ. ಕ್ವೆಸ್ಟ್ 3ರಲ್ಲಿ ಮಷೀನಿನ ಸುತ್ತ ನಡೆದಾಡಿ, ಬಗ್ಗಿ, ಕೂಲಂಟ್ ಟ್ಯಾಂಕ್ ಹೊರಗೆಳೆಯಲು ಜಾಗ ಉಳಿದಿದೆಯೇ, ಹಿಂಬದಿಯ ಪ್ಯಾನೆಲ್ ಬಾಗಿಲು ಗೋಡೆಗೆ ಬಡಿಯುತ್ತದೆಯೇ ಎಂದು ನೋಡಬಹುದು. ಆ್ಯಪ್ ಡೆಪ್ತ್ ಅಳತೆಯನ್ನು ಬಳಸುವಂಥದ್ದಾದರೆ ನಿಜವಾದ ಕಂಬದ ಹಿಂದೆ ಹೋದ ಮಷೀನು ಮರೆಯಾಗುತ್ತದೆ. ಬಳಸದಿದ್ದರೆ ಕಂಬದ ಮೇಲೇ ತೇಲುತ್ತದೆ, ಕಣ್ಣಿಗೆ ಅಲ್ಲಿಂದಲೇ ಗೊಂದಲ ಶುರು.

ಎಡವುವುದು ಹೆಚ್ಚಾಗಿ ಫೈಲಿನಲ್ಲಿ. ಕಂಪ್ಯೂಟರಿನಲ್ಲಿ ಬರೆದ ಮಷೀನಿನ ಕ್ಯಾಡ್ ಮಾದರಿ ಮಿಲಿಮೀಟರಿನಲ್ಲಿರುತ್ತದೆ, ಹೆಡ್‌ಸೆಟ್ಟಿಗೆ ಕೊಡುವ ಜಿಎಲ್‌ಬಿ ಎಂಬ 3ಡಿ ಫೈಲಿನಲ್ಲಿ ಎಲ್ಲವೂ ಮೀಟರ್ ಎಂದೇ ಲೆಕ್ಕ. ಎಕ್ಸ್‌ಪೋರ್ಟ್ ಮಾಡುವಾಗ ಯೂನಿಟ್ ಬದಲಿಸದಿದ್ದರೆ ಮಷೀನು 1000 ಪಟ್ಟು ದೊಡ್ಡದಾಗಿ, ನೀವು ಅದರ ಹೊಟ್ಟೆಯೊಳಗೆ ನಿಂತಿರುತ್ತೀರಿ. ಏನೂ ಕಾಣದೆ ಆ್ಯಪ್ ಕೆಟ್ಟಿದೆ ಎಂದುಕೊಳ್ಳುತ್ತೀರಿ. ಮಷೀನು ಮಗ್ಗುಲಾಗಿ ಬಿದ್ದಂತೆ ಕಂಡರೆ ಕಾರಣ ಬೇರೆ: ಅನೇಕ ಕ್ಯಾಡ್‌ಗಳಲ್ಲಿ ಮೇಲ್ಮುಖವಾದ ಅಕ್ಷ ಝಡ್, ಜಿಎಲ್‌ಬಿಯಲ್ಲಿ ವೈ. ನಟ್ಟು, ಬೋಲ್ಟು, ಥ್ರೆಡ್, ಒಳಗಿನ ಗೇರು ಎಲ್ಲ ತೆಗೆದುಹಾಕಿ, ಹೊರಮೈ ಮಾತ್ರ ಉಳಿಸಿ. ಇಲ್ಲದಿದ್ದರೆ ಚಿತ್ರ ತಡವರಿಸಿ ತಲೆ ಸುತ್ತುತ್ತದೆ. ಪ್ಯಾನೆಲ್ ಬಾಗಿಲನ್ನು ಕ್ಯಾಡ್‌ನಲ್ಲೇ ತೆರೆದಿಟ್ಟು ಎಕ್ಸ್‌ಪೋರ್ಟ್ ಮಾಡಿದರೆ ಅನಿಮೇಶನ್ ಗೊಡವೆಯೇ ಬೇಡ.

ಹೆಡ್‌ಸೆಟ್ಟಿಗೆ ಜಾಗ ಗುರುತಾಗಲೆಂದು ಸುತ್ತ ನೋಡಿ ಸ್ಕ್ಯಾನ್ ಮಾಡುವಾಗ ಶಟರ್ ಇಳಿಸಿ, ಒಳಗಿನ ದೀಪ ಹಚ್ಚಿ. ಹೊರಗಿನ ಬಿಸಿಲು ಎದುರಿಗಿದ್ದರೆ ಕ್ಯಾಮೆರಾಕ್ಕೆ ಉಳಿದದ್ದೆಲ್ಲ ಕಪ್ಪಾಗುತ್ತದೆ. ಬೆಳಕು ಕಡಿಮೆಯಾದರೂ ಚಿತ್ರದಲ್ಲಿ ಕಾಳು ಕಾಳು ಕಾಣುತ್ತದೆ. ಟ್ಯೂಬ್‌ಲೈಟ್ ಮಿನುಗಿದಂತೆ ಕಂಡರೆ ಟ್ರ್ಯಾಕಿಂಗ್ ಸೆಟ್ಟಿಂಗ್‌ನಲ್ಲಿ 50 ಹರ್ಟ್ಸ್ ಆರಿಸಿ. ಶೆಡ್ ಪೂರ್ತಿ ಸ್ಕ್ಯಾನ್ ಮಾಡಲು ಹೋಗಬೇಡಿ, ಮಷೀನು ಕೂರುವ ಜಾಗ ಸಾಕು. ಗಾಜು ಮತ್ತು ಹೊಳೆಯುವ ಸ್ಟೀಲ್ ಹಾಳೆಯ ಅಳತೆ ತಪ್ಪುತ್ತದೆ. ಹಾಕಿಕೊಂಡವರ ಕಣ್ಣುಗಳ ಅಂತರಕ್ಕೆ ಕೆಳಗಿನ ಚಕ್ರವನ್ನು ಹೊಂದಿಸದಿದ್ದರೆ ಮಷೀನಿನ ದೂರವೂ ಕಣ್ಣಿಗೆ ತಪ್ಪಾಗಿಯೇ ಕಾಣುತ್ತದೆ. ಕೊನೆಗೆ ಟೇಪು ಹಿಡಿದು ಮಾದರಿಯ ಒಂದು ಅಂಚನ್ನು ಅಳೆದು ನೋಡಿ. ಅತ್ತಿತ್ತ ನಡೆದು ಬರುವಷ್ಟರಲ್ಲಿ ಮಾದರಿ ಕೆಲವು ಸೆಂಟಿಮೀಟರ್ ಸರಿದಿರಬಹುದು. ಜಾಗ ಸಾಲುತ್ತದೆಯೇ ಎಂದು ತಿಳಿಯಲು ಇಷ್ಟು ಸಾಕು, ಫೌಂಡೇಶನ್ ಬೋಲ್ಟಿಗೆ ಗುರುತು ಹಾಕಲು ಖಂಡಿತ ಸಾಲದು.

ಕ್ಯಾಮೆರಾದ ಮೂಲಕ ಕಾಣುವ ಜಗತ್ತು ನಿಮ್ಮ ಕಣ್ಣಿನಷ್ಟು ಚೂಪಾಗಿಲ್ಲ. ಇದರ ಪಾಸ್‌ತ್ರೂ, ಅಂದರೆ ಕ್ಯಾಮೆರಾ ತರುವ ಹೊರನೋಟ, ಒಂದು ಡಿಗ್ರಿಗೆ 18 ಪಿಕ್ಸೆಲ್. ಆರೋಗ್ಯವಂತ ಕಣ್ಣಿಗೆ ಸರಿಸಾಟಿಯಾಗಲು ಸುಮಾರು 60 ಬೇಕು. ವರ್ನಿಯರ್ ಕ್ಯಾಲಿಪರ್ ಕೈಯಲ್ಲಿ ಹಿಡಿದರೆ ದವಡೆ ಕಾಣುತ್ತದೆ, 0.02 ಮಿಲಿಮೀಟರಿನ ಗೆರೆಗಳು ಕಲೆಸಿಹೋಗುತ್ತವೆ. ಇನ್‌ಸ್ಪೆಕ್ಷನ್ ಮೇಜಿಗೆ ಇದು ಆಗಿಬರುವುದಿಲ್ಲ.

ಓಡುವ ಲೇತಿನ ಮುಂದೆ, ಕರಗಿದ ಲೋಹದ ಬಳಿ ಇದನ್ನು ಯಾರೂ ಹಾಕಿಕೊಳ್ಳಬಾರದು. ಅಕ್ಕಪಕ್ಕದ ನೋಟ ಕಡಿಮೆ, ಬ್ಯಾಟರಿ ಸತ್ತರೆ ಕಣ್ಣೆದುರು ಕತ್ತಲೆ. ಗಾಜಿನ ಮೂಲಕವೇ ಹೊರಗಿನದನ್ನು ತೋರಿಸುತ್ತಿದ್ದ ಮೈಕ್ರೋಸಾಫ್ಟಿನ ಹೋಲೋಲೆನ್ಸ್ 2 ಹೆಡ್‌ಸೆಟ್ಟಿನಲ್ಲಿ ಕತ್ತಲೆಯ ಭಯವಿರಲಿಲ್ಲ. ಅದರ ನೋಟ ಕೇವಲ 52 ಡಿಗ್ರಿ, ಬೆಳಕನ್ನು ಕೂಡಿಸಬಲ್ಲದೇ ಹೊರತು ಕಪ್ಪನ್ನು ತೋರಿಸಲಾರದು. ಅದರ ತಯಾರಿಕೆ 2024ರಲ್ಲೇ ನಿಂತಿತು, ಹಳೆಯದು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ.

ಕ್ವೆಸ್ಟ್ 3ರ ತೂಕ 515 ಗ್ರಾಂ, ಅದೂ ಮೂಗಿನ ಕಡೆ. ಬ್ಯಾಟರಿ ಸುಮಾರು ಎರಡು ತಾಸು. ಇದರದೇ ಅಗ್ಗದ ರೂಪವಾದ ಕ್ವೆಸ್ಟ್ 3ಎಸ್‌ನಲ್ಲಿ ಕಲರ್ ಕ್ಯಾಮೆರಾ ಅದೇ, ಆದರೆ ಡೆಪ್ತ್ ಸೆನ್ಸರ್ ಇಲ್ಲ, ಲೆನ್ಸೂ ಉಂಗುರದಂಥ ಗೆರೆಗಳಿರುವ ಹಳೆಯ ಫ್ರೆನೆಲ್ ಬಗೆಯದು. ಹುಡುಗರಿಗೆ ತರಬೇತಿ ಕೊಡಲು ಅದು ಸಾಕು, ಮಷೀನು ಕೂರಿಸಿ ನೋಡಲು 3ನ್ನೇ ತೆಗೆದುಕೊಳ್ಳಿ. 3,499 ಡಾಲರಿಗೆ ಬಂದ ಆ್ಯಪಲ್ ವಿಷನ್ ಪ್ರೊದ ಪರದೆ ಬಹಳ ಚೆಂದ, ಆದರೆ ಅದನ್ನು ಬಳಸಬೇಕಾದದ್ದು 30 ಡಿಗ್ರಿ ಸೆಲ್ಸಿಯಸ್ ಒಳಗೆ. ಏಪ್ರಿಲ್‌ನಲ್ಲಿ ವಿಜಯಪುರದ ಪತ್ರಾಸಿನ ಶೆಡ್ಡಿಗೆ ಅದನ್ನು ಒಯ್ಯುವ ಮಾತೇ ಬೇಡ.

ಫೌಂಡ್ರಿಯ ಮರಳು ಧೂಳು ಲೆನ್ಸಿನ ಮೇಲೆ ಕೂತರೆ ಮೊದಲು ಊದಿ ತೆಗೆದು, ಆಮೇಲೆ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಸ್ಪಿರಿಟ್ ತಾಗಿಸಬೇಡಿ. ಬಳಸಿದ ಮೇಲೆ ಲೆನ್ಸ್ ಮೇಲೆ ಮಾಡಿ ಕಿಟಕಿಯ ಬಳಿ ಇಡಲೇಬೇಡಿ. ಬಿಸಿಲು ಲೆನ್ಸಿನಲ್ಲಿ ಒಂದೆಡೆ ಕೂಡಿ ಒಳಗಿನ ಪರದೆಯನ್ನು ಸುಡುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ.