ಹಾರ್ಲೆಮ್‌ನ ಶೋಂಬರ್ಗ್ ಸೆಂಟರ್: ಆಫ್ರಿಕಾದ ಇತಿಹಾಸ ಓದುವವರು ಮೊದಲು ಹೋಗಬೇಕಾದ ಜಾಗ

ನ್ಯೂಯಾರ್ಕಿನ ಒಂದು ಯೂನಿವರ್ಸಿಟಿಯಲ್ಲಿ ಎಂ.ಎ. ಮಾಡುತ್ತಿದ್ದೇನೆ. ಆಫ್ರಿಕಾದ ಇತಿಹಾಸ, ಮತ್ತೆ ಅಲ್ಲಿಂದ ಪ್ರಪಂಚದ ಮೂಲೆಮೂಲೆಗೆ ಹೋದ, ಬಹಳಷ್ಟು ಸಲ ಹಡಗಿನಲ್ಲಿ ಕಟ್ಟಿ ಒಯ್ಯಲ್ಪಟ್ಟ ಜನರ ಇತಿಹಾಸ ನನ್ನ ವಿಷಯ. ಇದನ್ನೇ ಓದಬೇಕು ಅಂತ ಆಸೆಯಿರುವ ಕೆಲವರು ಯಾವ ಕಾಲೇಜು ಒಳ್ಳೆಯದು, ಫೀಸು ಎಷ್ಟು ಅಂತ ಕೇಳುತ್ತಿರುತ್ತಾರೆ. ಅವರಿಗೆಲ್ಲ ನಾನು ಮೊದಲು ಹೇಳುವುದು ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿರುವ ಶೋಂಬರ್ಗ್ ಸೆಂಟರ್ ಅನ್ನುವ ಲೈಬ್ರರಿಯ ಬಗ್ಗೆ.

2 ಅಥವಾ 3ನೇ ನಂಬರಿನ ಸಬ್‌ವೇ ಹತ್ತಿ 135ನೇ ಸ್ಟ್ರೀಟಿನಲ್ಲಿ ಇಳಿದರೆ ಸಾಕು, ಅಲ್ಲೇ ಇದೆ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಭಾಗ ಇದು. ಒಳಗೆ ಹೋಗಲು ದುಡ್ಡಿಲ್ಲ, ಸ್ಟೂಡೆಂಟ್ ಆಗಿರಬೇಕಂತಲೂ ಇಲ್ಲ. ನನ್ನ ಪಕ್ಕದ ಮೇಜಿನಲ್ಲಿ ಒಮ್ಮೆ ಪಿಎಚ್‌ಡಿ ಮಾಡುವವರು ಕೂತಿದ್ದರು, ಇನ್ನೊಮ್ಮೆ ತನ್ನ ಮುತ್ತಜ್ಜನ ಹೆಸರು ಹುಡುಕುತ್ತಿದ್ದ ನಿವೃತ್ತ ನರ್ಸ್ ಒಬ್ಬರು. ಇಬ್ಬರಿಗೂ ಸಿಬ್ಬಂದಿ ಅಷ್ಟೇ ತಾಳ್ಮೆಯಿಂದ ಸಹಾಯ ಮಾಡಿದರು.

ಈ ಜಾಗ ಹುಟ್ಟಿದ ಕಥೆ ಕೇಳಬೇಕು ನೀವು. ಆರ್ತುರೋ ಶೋಂಬರ್ಗ್ 1874ರಲ್ಲಿ ಪೋರ್ಟೊ ರಿಕೊದಲ್ಲಿ ಹುಟ್ಟಿದವರು. ಶಾಲೆಯಲ್ಲಿ ಟೀಚರ್ ಒಬ್ಬರು ಕಪ್ಪು ಜನರಿಗೆ ಇತಿಹಾಸವೇ ಇಲ್ಲ ಅಂದರಂತೆ. ಆ ಹುಡುಗ ಅದನ್ನು ಮರೆಯಲಿಲ್ಲ. ನ್ಯೂಯಾರ್ಕಿಗೆ ಬಂದು, ಬ್ಯಾಂಕೊಂದರ ಟಪಾಲು ವಿಭಾಗದಲ್ಲಿ ಕೆಲಸ ಮಾಡುತ್ತಾ, ಪುಸ್ತಕ, ಕೈಬರಹ, ಚಿತ್ರ ಅಂತ ಸಾವಿರಾರು ವಸ್ತು ಕೂಡಿಹಾಕಿದರು. 1926ರಲ್ಲಿ ಕಾರ್ನೆಗಿ ಕಾರ್ಪೊರೇಷನ್ ಕೊಟ್ಟ 10,000 ಡಾಲರಿನಿಂದ ಲೈಬ್ರರಿ ಅದನ್ನು ಕೊಂಡುಕೊಂಡಿತು. ಈಗ ಇಲ್ಲಿ 1 ಕೋಟಿಗೂ ಜಾಸ್ತಿ ವಸ್ತುಗಳಿವೆ. ನಾವು ಕ್ಲಾಸಿನಲ್ಲಿ ಕೂತು ಓದುವ ಎಷ್ಟೋ ಪುಸ್ತಕಗಳಿಗೆ ಸಾಮಗ್ರಿ ಸಿಕ್ಕಿದ್ದು ಇಂಥ ಕಡೆಯಿಂದಲೇ ಅಲ್ವಾ!

ಒಳಗೆ ಹೋದಾಗ ನೆಲವನ್ನು ತಪ್ಪದೆ ನೋಡಿ. ನದಿಗಳ ಚಿತ್ತಾರವಿದೆ, ಅದರ ಕೆಳಗೆ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಚಿತಾಭಸ್ಮ ಇಟ್ಟಿದ್ದಾರೆ. ಮೊದಲ ದಿನ ಗೊತ್ತಾದಾಗ ಸ್ವಲ್ಪ ಹೊತ್ತು ಸುಮ್ನೆ ನಿಂತುಬಿಟ್ಟೆ. ಅಮೆರಿಕದ ಕಪ್ಪು ಜನರ ಹೋರಾಟಗಾರ ಮಾಲ್ಕಮ್ ಎಕ್ಸ್ 1964ರಲ್ಲಿ ಆಫ್ರಿಕಾ ಸುತ್ತುವಾಗ ಬರೆದ ದಿನಚರಿಗಳೂ ಇಲ್ಲಿವೆ. ಲೇಖಕ ಜೇಮ್ಸ್ ಬಾಲ್ಡ್‌ವಿನ್ ಅವರ ಕಾಗದಪತ್ರಗಳು 2017ರಲ್ಲಿ ಬಂದವು. ಆದರೆ ಅವರ ಕೆಲವು ಖಾಸಗಿ ಪತ್ರಗಳನ್ನು ಆಗಿನಿಂದ 20 ವರ್ಷ ತೆರೆಯುವಂತಿಲ್ಲ, ಅವುಗಳ ಆಸೆಯಿಟ್ಟು ಹೋಗಬೇಡಿ.

ನನಗೆ ಈ ಲೈಬ್ರರಿ ಇಷ್ಟು ಹತ್ತಿರವಾಗಲು ಬೇರೆಯೇ ಕಾರಣ ಇದೆ. ನಮ್ಮ ಕೋರ್ಸಿನಲ್ಲಿ ಎಲ್ಲವೂ ಅಟ್ಲಾಂಟಿಕ್ ಸಾಗರ ದಾಟಿ ಅಮೆರಿಕದ ಕಡೆ ಹೋದವರ ಸುತ್ತಲೇ. ಹಿಂದೂ ಮಹಾಸಾಗರಕ್ಕೆ ಕೊಟ್ಟಿದ್ದು ಒಂದೇ ವಾರ. ಇದು ಕಡಿಮೆ ಆಯಿತು ಅಂತ ನಾನು ಮೇಷ್ಟ್ರಿಗೂ ಹೇಳಿದ್ದೇನೆ. ಶೋಂಬರ್ಗ್‌ನವರು 2013ರಲ್ಲಿ ಭಾರತಕ್ಕೆ ಬಂದ ಆಫ್ರಿಕನ್ನರ ಬಗ್ಗೆಯೇ ದೊಡ್ಡ ಪ್ರದರ್ಶನ ಮಾಡಿದ್ದರು. ಹಿಂದೂ ಮಹಾಸಾಗರದ ಆಫ್ರಿಕನ್ನರ ಬಗ್ಗೆ ಅವರ ಆನ್‌ಲೈನ್ ಪ್ರದರ್ಶನವೂ ಇದೆ. ಅದನ್ನು ನೋಡುತ್ತಾ, ಹುಡುಕಿ ಓದುತ್ತಾ ಹೋದಾಗ ಸಿಕ್ಕಿದ್ದು ಇಖ್ಲಾಸ್ ಖಾನ್. ಅಬಿಸೀನಿಯಾ (ಈಗಿನ ಇಥಿಯೋಪಿಯಾ ಕಡೆ) ಮೂಲದವನು, ಮುಹಮ್ಮದ್ ಆದಿಲ್ ಶಾ ಕಾಲದಲ್ಲಿ ಬಿಜಾಪುರದ ಮಂತ್ರಿ. ಸುಲ್ತಾನ, ಮಂತ್ರಿ ಇಬ್ಬರೂ ಒಂದೇ ಆನೆಯ ಮೇಲೆ ಕೂತ ಆ ಕಾಲದ ಚಿತ್ರವೂ ಇದೆ. ಎಂಟನೇ ಕ್ಲಾಸಿನ ಪ್ರವಾಸದಲ್ಲಿ ಅದೇ ಸುಲ್ತಾನನ ಗೋಳಗುಮ್ಮಟದೊಳಗೆ ನಿಂತು ಪ್ರತಿಧ್ವನಿಗಾಗಿ ಕೂಗಿ ಬಂದಿದ್ದೆ. ಈ ಹೆಸರನ್ನು ಅವತ್ತು ಯಾರೂ ಹೇಳಿರಲಿಲ್ಲ.

ನಮ್ಮ ಮನೆ ಯಲ್ಲಾಪುರದ ಕಡೆ. ಅಡಿಕೆ ಕೊನೆಕೊಯ್ಲಿನ ಕಾಲದಲ್ಲಿ ಆಫ್ರಿಕಾ ಮೂಲದ ಸಿದ್ದಿಗಳು ತೋಟದ ಕೆಲಸಕ್ಕೆ ಬರುತ್ತಿದ್ದರು. ಅವರ ಹಿರಿಯರಲ್ಲಿ ಅನೇಕರು ಗೋವಾದ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರು, ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ. ಇದನ್ನೆಲ್ಲ ನಾನು ಓದಿದ್ದು ಹಾರ್ಲೆಮ್‌ನಲ್ಲಿ ಕೂತು. ಅವತ್ತು ರಾತ್ರಿ ಆಯಿಗೆ ಫೋನ್ ಮಾಡಿ, ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಿದ್ದ ಸಿದ್ದಿ ಹೆಂಗಸರು ತಮ್ಮ ಮನೆತನದ ಕಥೆ ಏನಾದರೂ ಹೇಳಿದ್ದರಾ ಅಂತ ಕೇಳಿದೆ. "ನಾವು ಯಾವತ್ತೂ ಕೇಳಲೇ ಇಲ್ವಲ್ಲೇ" ಅಂದಳು. ಆ ಮಾತು ಇನ್ನೂ ಮನಸ್ಸಿನಲ್ಲಿ ಚುಚ್ಚುತ್ತಿದೆ, ನನ್ನ ಥೀಸಿಸ್‌ನ ವಿಷಯ ಬದಲಾಗಿದ್ದೂ ಅದರಿಂದಲೇ.

ಹೋಗುವವರಿಗೆ ಒಂದೆರಡು ಮಾತು. ಕೈಬರಹದ ವಿಭಾಗಕ್ಕೆ ಮೊದಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಪೆನ್ಸಿಲ್ ಒಯ್ಯಿರಿ. ಕಾಗದಪತ್ರಗಳ ಯಾವ ಪೆಟ್ಟಿಗೆ ಬೇಕು ಅಂತ ಮನೆಯಲ್ಲೇ ಕ್ಯಾಟಲಾಗ್ ನೋಡಿ ಬರೆದಿಟ್ಟುಕೊಂಡರೆ ಅರ್ಧ ದಿನ ಉಳಿಯುತ್ತದೆ. ಊರಲ್ಲೇ ಇರುವವರು ಆ ಆನ್‌ಲೈನ್ ಪ್ರದರ್ಶನದಿಂದಲೇ ಶುರು ಮಾಡಬಹುದು, ಅದಕ್ಕೂ ದುಡ್ಡಿಲ್ಲ. ಹಳೇ ಫೋಟೋಗಳು, ವರ್ಣಭೇದವಿದ್ದ ಅಮೆರಿಕದಲ್ಲಿ ಕಪ್ಪು ಪ್ರಯಾಣಿಕರನ್ನು ಒಳಗೆ ಬಿಡುತ್ತಿದ್ದ ಹೋಟೆಲ್, ಪೆಟ್ರೋಲ್ ಬಂಕ್‌ಗಳ ಪಟ್ಟಿಯಿದ್ದ 1930ರ ದಶಕದ ಕೈಪಿಡಿಗಳು ಕೂಡ ಲೈಬ್ರರಿಯ ಡಿಜಿಟಲ್ ಸಂಗ್ರಹದಲ್ಲಿ ಓದಲು ಸಿಗುತ್ತವೆ.