ಬಾರ್ಬಡೋಸ್‌ನಲ್ಲಿ 40 ದಿನ: ಏಜೆನ್ಸಿಗೆ 2 ಸ್ಟಾರ್, ಬಾಡಿಗೆ ಮನೆಗೆ ನಾಲ್ಕೂವರೆ

ಮೊದ್ಲೇ ಹೇಳ್ಬಿಡ್ತೇನೆ, ಉದ್ದ ಆಗ್ತದೆ, ಪುರುಸೊತ್ತು ಇದ್ದೋರು ಓದಿ. ಹುಬ್ಬಳ್ಳಿಯ ಒಂದು ಟ್ರಾವೆಲ್ ಏಜೆನ್ಸಿ (ಹೆಸರು ಬರೆಯೋದಿಲ್ಲ, ಕೊನೆಗೆ ಪಾಪ ಒಂದಿಷ್ಟು ಕೆಲಸ ಸರಿಯಾಗೇ ಮಾಡಿಕೊಟ್ರು) ಮತ್ತೆ ವೆಸ್ಟ್ ಇಂಡೀಸ್‌ನ ಬಾರ್ಬಡೋಸ್ ದ್ವೀಪದಲ್ಲಿ ನಾವು 40 ದಿನ ಇದ್ದ ಬಾಡಿಗೆ ಮನೆ, ಎರಡರ ರಿವ್ಯೂನೂ ಒಟ್ಟಿಗೆ ಬರೀತಿದ್ದೇನೆ. ಯಾಕಂದ್ರೆ ಏಜೆನ್ಸಿ ಹೇಳಿದ ಹಾಗೆ ಹೋಗಿದ್ರೆ ಆ ಮನೆ ನಮಗೆ ಸಿಗ್ತಾನೇ ಇರ್ಲಿಲ್ಲ.

ಇದೆಲ್ಲ ಶುರುವಾಗಿದ್ದು 2024 ಜೂನ್ 29ರ ರಾತ್ರಿ. ಕಾರವಾರದಲ್ಲಿ ಮಳೆ ಅಂದ್ರೆ ಮಳೆ, ಬಾರ್ಬಡೋಸ್‌ನಲ್ಲಿ ನಡೀತಿದ್ದ ಟಿ20 ವರ್ಲ್ಡ್ ಕಪ್ ಫೈನಲ್ ಕೊನೇ ಓವರ್‌ಗೆ ಬಂದಿತ್ತು, ಕರೆಂಟ್ ಹೋಯ್ತು. ನಮ್ಮನೆಯವ್ರು ಮೊಬೈಲ್ ಹಿಡ್ಕೊಂಡು ಸಿಗ್ನಲ್ ಹುಡುಕ್ತಾ ಜಗುಲಿಗೆ ಓಡಿ, ಸೂರ್ಯಕುಮಾರ್ ಬೌಂಡರಿ ಗೆರೆ ಹತ್ರ ಮಿಲ್ಲರ್ ಕ್ಯಾಚ್ ಹಿಡಿದಿದ್ದನ್ನ ಅರ್ಧ ನೆನೆದುಕೊಂಡೇ ನೋಡಿದ್ರು. 7 ರನ್ನಿಂದ ಗೆದ್ದಾಯ್ತಲ್ಲ, ಅವತ್ತೇ ಹೇಳಿದ್ರು, ಆ ಗ್ರೌಂಡ್ ನೋಡ್ಲೇಬೇಕು ಮಾರಾಯ್ತಿ ಅಂತ. ಅವರು ಬ್ಯಾಂಕಿಂದ ರಿಟೈರ್ ಆಗಿ ಒಂದು ತಿಂಗಳಾಗಿತ್ತು, ನಾನು ಶಾಲೆಯಿಂದ ಮಾರ್ಚ್‌ನಲ್ಲೇ ಆಗಿದ್ದೆ. ನಾನೂ ಒಂದು ಕಂಡೀಷನ್ ಹಾಕಿದೆ. ಅಷ್ಟು ದೂರ ಹೋಗಿ ನಾಲ್ಕು ದಿನಕ್ಕೆ ವಾಪಸ್ ಬರೋಳಲ್ಲ, ಒಂದು ತಿಂಗಳಿನ ಮೇಲೆ ಇರ್ಬೇಕು, ಒಂದೇ ಊರಲ್ಲಿ ಇರ್ಬೇಕು, ಅಡಿಗೆಮನೆ ಇರ್ಬೇಕು.

ಏಜೆನ್ಸಿಯಲ್ಲಿ ಎಸಿ ತಣ್ಣಗಿತ್ತು, ಚಹಾ ಚೆನ್ನಾಗಿತ್ತು. ನಾವು ಹೇಳಿದ್ದು 40 ದಿನ, ಒಂದು ದ್ವೀಪ. ಆ ಹುಡುಗ ತೆಗೆದಿಟ್ಟಿದ್ದು 11 ದಿನ, ಆರು ದ್ವೀಪ, ದೊಡ್ಡ ಹಡಗು. ಬೆಳಿಗ್ಗೆ ಇಳಿಸ್ತಾರಂತೆ, ಸಂಜೆ ಹತ್ತಿಸ್ತಾರಂತೆ. ಇದು ಶಾಲೆ ಪ್ರವಾಸ ಆಯ್ತಲ್ಲಪ್ಪ, ಇಪ್ಪತ್ತೈದು ವರ್ಷ ಮಕ್ಕಳ ತಲೆ ಎಣಿಸಿ ಬಸ್ ಹತ್ತಿಸಿ ಸಾಕಾಗಿದೆ ನಂಗೆ ಅಂದೆ. ಆಮೇಲೆ ಇನ್ನೊಂದು ಕಾಗದ ಬಂತು, ಸೆಪ್ಟೆಂಬರ್‌ನಲ್ಲಿ ಹೋದ್ರೆ ರೇಟ್ ಅರ್ಧಕ್ಕರ್ಧ ಕಮ್ಮಿ ಮೇಡಂ ಅಂತ. ಯಾಕೆ ಕಮ್ಮಿ ಅಂತ ಕೇಳಿದ್ರೆ ಆಫ್ ಸೀಸನ್ ಅಂತಷ್ಟೇ ಉತ್ತರ. ಆಫ್ ಸೀಸನ್ ಅಂದ್ರೆ ಅಲ್ಲಿ ಹರಿಕೇನ್ ಸೀಸನ್, ಜೂನ್ 1ರಿಂದ ನವೆಂಬರ್ 30ರ ತನಕ, ಅದರಲ್ಲೂ ಆಗಸ್ಟ್‌ನಿಂದ ಅಕ್ಟೋಬರ್ ಜೋರು. ಫೈನಲ್ ಗೆದ್ದ ನಮ್ಮ ಟೀಮೇ ಬೆರಿಲ್ ಚಂಡಮಾರುತ ಬಂದು ಏರ್‌ಪೋರ್ಟ್ ಬಂದ್ ಆಗಿ ಅಲ್ಲೇ ಸಿಕ್ಕಾಕೊಂಡು, ಜುಲೈ 4ಕ್ಕೆ ಸ್ಪೆಷಲ್ ವಿಮಾನದಲ್ಲಿ ಡೆಲ್ಲಿಗೆ ಬಂದಿದ್ದು ಇಡೀ ದೇಶ ನೋಡಿದೆ, ಈ ಹುಡುಗ ನೋಡಿಲ್ವಾ? ಸಮುದ್ರದ ಪಕ್ಕ ಹುಟ್ಟಿ ಬೆಳೆದೋರಿಗೆ ಮಳೆಗಾಲದ ಸಮುದ್ರ ತೋರಿಸೋದಕ್ಕೆ ಲಕ್ಷಗಟ್ಟಲೆ ತಗೊಳ್ತೀರಲ್ಲ ಅಂತ ನಮ್ಮನೆಯವ್ರು ನಗಾಡಿದ್ರು, ನಂಗೆ ನಗು ಬರ್ಲಿಲ್ಲ. ಅಲ್ಲಿಯ ಒಣ ಹವೆ ಡಿಸೆಂಬರ್‌ನಿಂದ ಮೇ ತನಕ. ರೇಟ್ ಜಾಸ್ತಿ, ಆದ್ರೂ ಜನವರಿನೇ ಅಂತ ಗಟ್ಟಿ ಮಾಡಿದ್ವಿ.

ಈಗ ಒಂದು ಸ್ಟಾರ್ ಪೂರ್ತಿ ಕಟ್ ಮಾಡಿಸಿದ ವಿಷಯ. "ಬಾರ್ಬಡೋಸ್‌ಗೆ ಇಂಡಿಯನ್ ಪಾಸ್‌ಪೋರ್ಟ್‌ಗೆ ವೀಸಾ ಬೇಡ" ಅಂದ್ರು. ಟೂರಿಸ್ಟ್ ಆಗಿ ಹೋದ್ರೆ ಬೇಡ, ಅದು ಸರಿ. ಆದ್ರೆ ಇಲ್ಲಿಂದ ನೇರ ವಿಮಾನ ಇಲ್ಲ, ಎಲ್ಲೋ ಇಳಿದು ಹತ್ತಬೇಕು, ಆ ಎಲ್ಲೋಗೆ ವೀಸಾ ಬೇಕಲ್ಲ! ಅವರು ಹಾಕಿದ್ದು ಬೆಂಗಳೂರಿಂದ ಲಂಡನ್ ಹೀಥ್ರೂ, ಮುಂದಿನ ವಿಮಾನ ಗ್ಯಾಟ್ವಿಕ್‌ನಿಂದ, ನಡುವೆ ಐದು ತಾಸು. ಟಿಕೆಟ್ ಮೇಲೆ ಎರಡಕ್ಕೂ ಲಂಡನ್ ಅಂತಲೇ ಇತ್ತು, ನಾವೂ ಸುಮ್ನಿದ್ವಿ. ಬೆಂಗಳೂರಲ್ಲಿರೋ ನನ್ನ ಅಣ್ಣನ ಮಗ ನೋಡಿ ಹೇಳಿದ, ಅತ್ತೆ ಇದು ಬೇರೆ ಬೇರೆ ಏರ್‌ಪೋರ್ಟ್, ಮಧ್ಯ 70 ಕಿಲೋಮೀಟರ್ ಆಗ್ತದೆ ಅಂತ. ಅಂದ್ರೆ ಕಾರವಾರದಲ್ಲಿ ಇಳಿದು ಗೋಕರ್ಣ ದಾಟಿ ಇನ್ನೊಂದು ವಿಮಾನ ಹತ್ತಿದ ಹಾಗೆ, ಅದೂ ಜನವರಿ ಚಳಿಯಲ್ಲಿ ನಾಲ್ಕು ಸೂಟ್‌ಕೇಸ್ ಎಳ್ಕೊಂಡು. ಏರ್‌ಪೋರ್ಟ್ ಒಳಗೇ ಕೂತು ವಿಮಾನ ಬದಲಿಸೋದಾದ್ರೂ ನಮ್ಮೋರಿಗೆ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ಬೇಕು, ಹೊರಗೆ ಬಂದು ಹೋಗೋದಕ್ಕೆ ಬೇರೆ ಥರದ್ದು. ಅಮೆರಿಕಾ ದಾರಿಲಿ ಹೋದ್ರೂ ಅಷ್ಟೇ, ಬರೀ ಹಾದು ಹೋಗೋದಕ್ಕೂ ವೀಸಾ. ಇದು ಏಜೆನ್ಸಿಯವ್ರಿಗೆ ಗೊತ್ತಿಲ್ಲ ಅಂದ್ರೆ ಮತ್ಯಾರಿಗೆ ಗೊತ್ತಿರ್ಬೇಕು? ಫೋನ್ ಮಾಡಿದ್ರೆ "ಚೆಕ್ ಮಾಡಿ ಹೇಳ್ತೇವೆ ಸರ್", ಮೂರು ದಿನ ಸುದ್ದಿ ಇಲ್ಲ. ಕ್ಯಾನ್ಸಲ್ ಚಾರ್ಜ್ ನಮ್ಮ ತಲೆಗೇ ಬಂತು.

ದಾರಿ ಹುಡುಕಿಕೊಟ್ಟಿದ್ದು ಮಡಗಾವಿನಲ್ಲಿರೋ ನನ್ನ ತಂಗಿ ಗಂಡ. ಆವಾಗ ಗೋವಾದ ಮೋಪಾದಿಂದ ಸೀದಾ ಗ್ಯಾಟ್ವಿಕ್‌ಗೇ ಏರ್ ಇಂಡಿಯಾ ಇತ್ತು, ಎಷ್ಟೋ ಜನ ಗೋವಾದವ್ರು ಅದರಲ್ಲೇ ಓಡಾಡ್ತಿದ್ರು. ಕಾರವಾರದೋರಿಗೆ ಬೆಂಗಳೂರಿಗಿಂತ ಮೋಪಾನೇ ಹತ್ರ, ಇದನ್ನ ಹುಬ್ಬಳ್ಳಿಲಿ ಕೂತು ಯಾರು ಯೋಚನೆ ಮಾಡ್ತಾರೆ! ಗ್ಯಾಟ್ವಿಕ್ ಪಕ್ಕ ಒಂದು ರಾತ್ರಿ ಲಾಡ್ಜ್, ಮಾರನೇ ದಿನ ಅದೇ ಏರ್‌ಪೋರ್ಟಿಂದ ಬಾರ್ಬಡೋಸ್‌ನ ರಾಜಧಾನಿ ಬ್ರಿಡ್ಜ್‌ಟೌನ್. ವೀಸಾ ಅರ್ಜಿ ನಾವೇ ತುಂಬಿ ಬೆರಳಚ್ಚು ಕೊಟ್ಟು ಬಂದ್ವಿ. ಟಿಕೆಟ್ ಮಾತ್ರ ಏಜೆನ್ಸಿಯವ್ರೇ ಮಾಡಿಕೊಟ್ರು, ಎರಡೂ ಕಡೆ ಲಗೇಜ್ ತೂಕ ಒಂದೇ ಬರೋ ಹಾಗೆ ನೋಡಿದ್ರು, ನಾವು ಬೇಡ ಅಂದ್ರೂ ಒಳ್ಳೇ ಇನ್ಶೂರೆನ್ಸ್ ಹಾಕಿಸಿದ್ರು. ಆ ಎರಡು ಸ್ಟಾರ್ ಇದಕ್ಕೆ.

ದುಡ್ಡಿನ ಒಂದು ಮಾತು. ಪ್ಯಾಕೇಜ್ ಅಂತ ತಗೊಂಡ್ರೆ ಅದರ ಮೇಲೆ ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡೀತಾರೆ, ನಾವು ಹೋದ ವರ್ಷ 7 ಲಕ್ಷದ ತನಕ 5 ಪರ್ಸೆಂಟ್, ಅದರ ಮೇಲೆ 20 ಇತ್ತು. ರಿಟರ್ನ್ ಫೈಲ್ ಮಾಡಿದಾಗ ಹೊಂದಿಸ್ಕೊಳ್ಳಬಹುದು ನಿಜ, ಆದ್ರೆ ಪೆನ್ಷನ್‌ದಾರರಿಗೆ ಅಲ್ಲಿ ತನಕ ದುಡ್ಡು ಸಿಕ್ಕಾಕೊಂಡಿರ್ತದೆ. ಬರೀ ವಿಮಾನದ ಟಿಕೆಟ್ ತಗೊಂಡ್ರೆ ಆ ತಾಪತ್ರಯ ಇಲ್ಲ. ಹಾಂ, ಇನ್ನೊಂದು ತಮಾಷೆ. ತಿಂಗಳಿಗಿಂತ ಜಾಸ್ತಿ ಇರ್ತೀರಲ್ಲ, ವೆಲ್‌ಕಮ್ ಸ್ಟ್ಯಾಂಪ್ ಮಾಡಿಸಿ ಅಂದಿದ್ರು ಏಜೆನ್ಸಿಯವ್ರು. ಅದು 2020ರಲ್ಲಿ ಆ ಸರ್ಕಾರ ಶುರು ಮಾಡಿದ್ದು, ಅಲ್ಲಿ ಕೂತು ಬೇರೆ ದೇಶದ ಕಂಪನಿ ಕೆಲಸ ಮಾಡೋರಿಗೆ 12 ತಿಂಗಳ ವೀಸಾ, ಫೀಸೇ ಅಮೆರಿಕದ 2000 ಡಾಲರ್, ವರ್ಷಕ್ಕೆ 50,000 ಡಾಲರ್ ಆದಾಯ ತೋರಿಸ್ಬೇಕು. ರಿಟೈರ್ ಆದ ಪ್ರೈಮರಿ ಟೀಚರ್‌ಗೆ!

ಸರಿ, ಮನೆಗೆ ಬರ್ತೇನೆ. ದಕ್ಷಿಣ ದಂಡೆಯಲ್ಲಿ ಓಯ್‌ಸ್ಟಿನ್ಸ್ ಹತ್ರ, ಒಂದು ಬೆಡ್‌ರೂಮು, ಅಡಿಗೆಮನೆ, ಸಣ್ಣ ಜಗುಲಿ, ಸಮುದ್ರಕ್ಕೆ ಆರು ನಿಮಿಷ ನಡಿಗೆ. ಆನ್‌ಲೈನ್‌ನಲ್ಲಿ ನೋಡಿದ್ದು, ಬುಕ್ ಮಾಡೋ ಮುಂಚೆ ಮೂರು ಸಲ ವಿಡಿಯೋ ಕಾಲ್ ಮಾಡಿ ನಲ್ಲಿ ಬಿಟ್ಟು ತೋರಿಸಿ, ಒಲೆ ಹಚ್ಚಿ ತೋರಿಸಿ ಅಂತ ಕೇಳಿದ್ದೆ, ಯಜಮಾನಿ ಬೇಜಾರೇ ಮಾಡ್ಲಿಲ್ಲ. ಅವರಿಗೆ ಎಪ್ಪತ್ತು ದಾಟಿದೆ, ಮೇಲಿನ ಮಹಡಿಲಿ ಒಬ್ರೇ ಇರ್ತಾರೆ. ಟೈಮ್ ಮಾತ್ರ ಒಂಬತ್ತೂವರೆ ತಾಸು ಹಿಂದೆ, ನಮ್ಮ ರಾತ್ರಿ ಊಟ ಆದ್ಮೇಲೆ ಅವರಿಗೆ ಮಧ್ಯಾಹ್ನ. ದಿನದ ರೇಟ್ ಬೇರೆ, ತಿಂಗಳ ರೇಟ್ ಬೇರೆ ಇರ್ತದೆ, ಬಾಯಿ ಬಿಟ್ಟು ಕೇಳಿದ್ರಷ್ಟೇ ಸಿಗೋದು, ನಾವು ಕೇಳಿದ್ವಿ. ಲೆಕ್ಕ ಸುಲಭ, ಅಲ್ಲಿಯ 2 ಡಾಲರ್‌ಗೆ ಅಮೆರಿಕದ 1 ಡಾಲರ್, 1975ರಿಂದ ಅದೇ ದರ. ರೂಪಾಯಿ ತಗೊಂಡು ಹೋಗಿ ಪ್ರಯೋಜನ ಇಲ್ಲ.

ಅರ್ಧ ಸ್ಟಾರ್ ಕಟ್ ಮಾಡಿದ್ದು ನನ್ನದೇ ತಪ್ಪಿಗೆ ಅನ್ಬಹುದು, ಆದ್ರೂ ಹೇಳ್ತೇನೆ. ನಾನು ಮಿಕ್ಸಿ ಹೊತ್ಕೊಂಡು ಹೋಗಿದ್ದೆ. ಸೀರೆಗಳ ಮಧ್ಯ ಸುತ್ತಿ, ಜಾರ್ ಬೇರೆ ಬ್ಯಾಗಲ್ಲಿ. ಬಾರ್ಬಡೋಸ್‌ನಲ್ಲಿ ಕರೆಂಟ್ 115 ವೋಲ್ಟ್, ಪ್ಲಗ್ ಅಮೆರಿಕದ ಥರ ಚಪ್ಪಟೆ ಕಡ್ಡಿಯದ್ದು. ಪ್ಲಗ್‌ಗೆ ಅಡಾಪ್ಟರ್ ಸಿಗ್ತದೆ, ನಮ್ಮ 230 ವೋಲ್ಟಿನ ಮಿಕ್ಸಿ ಮಾತ್ರ ಹುಂ ಹುಂ ಅಂತ ಮುಲುಗಿ ನಿಂತೇಬಿಡ್ತು. ಮೊಬೈಲ್ ಚಾರ್ಜರ್‌ಗೆ ಎರಡೂ ನಡೀತದೆ, ಮಿಕ್ಸಿ ಕುಕ್ಕರ್ ಎಲ್ಲ ನಡಿಯೋದಿಲ್ಲ. ಏಜೆನ್ಸಿಯವ್ರೂ ಹೇಳ್ಲಿಲ್ಲ, ಮನೆಯವ್ರೂ ಹೇಳ್ಲಿಲ್ಲ, ಈಗ ನಾನು ಹೇಳ್ತಿದ್ದೇನೆ. ಪುಣ್ಯಕ್ಕೆ ಅತ್ತೆಯವ್ರ ಕಾಲದ ಸಣ್ಣ ಈಳಿಗೆಮಣೆ ಇತ್ತು. ಅದನ್ನ ಹಾಕೋವಾಗ ಇವರು ಬೈದಿದ್ರು, ಕಸ್ಟಮ್ಸ್‌ನವ್ರು ಕತ್ತಿ ಅಂತ ಹಿಡೀತಾರೆ ನೋಡು ಅಂತ. ಯಾರೂ ಹಿಡೀಲಿಲ್ಲ. ಕಾಯಿ ತುರಿದು, ಯಜಮಾನಿಯ ಹಳೇ ಬ್ಲೆಂಡರ್‌ನಲ್ಲಿ ಎರಡೆರಡು ಸಲ ತಿರುಗಿಸಿ ಮಸಾಲೆ ಮಾಡಿದ್ದೇ. ಮುರುಗಲು, ಮೆಣಸಿನಪುಡಿ ಊರಿಂದ ಒಯ್ದಿದ್ದೆ.

ಮೀನಿನ ಬಗ್ಗೆ ಕೇಳ್ಬೇಡಿ. ಅಂಕೋಲೆಯವಳು ನಾನು, ಬಂಗಡೆ ತಾರ್ಲೆ ತಿಂದು ಬೆಳೆದೋಳು. ಅಲ್ಲಿ ಹಾರೋ ಮೀನು ಅಂದ್ರೆ ದೇಶದ ಮೀನು, ಕುಕು ಅಂತ ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ಮುದ್ದೆ ಥರ ತಿರುವ್ತಾರೆ, ಅದರ ಜೊತೆ ಕೊಡ್ತಾರೆ. ಮುದ್ದೆ ಇವರಿಗೆ ಸೇರ್ಲಿಲ್ಲ, ಮೀನು ಸೇರ್ತು. ಓಯ್‌ಸ್ಟಿನ್ಸ್ ಮೀನು ಮಾರ್ಕೆಟ್ಟಲ್ಲಿ ಮೊದಲ ದಿನ ಬೋರ್ಡ್ ಮೇಲೆ ಡಾಲ್ಫಿನ್ ಅಂತ ನೋಡಿ ನನಗೆ ಎದೆ ಧಸಕ್ ಅಂತು. ದೇವಬಾಗದಲ್ಲಿ ದೋಣಿ ಹತ್ತಿಸಿ ತೋರಿಸೋ ಡಾಲ್ಫಿನ್ ಅನ್ನ ಇವರು ಹುರಿದು ತಿಂತಾರಾ ಅಂತ. ಅಲ್ಲ ಮಾರಾಯ್ರೆ, ಅಲ್ಲಿ ಮಾಹಿ ಮಾಹಿ ಮೀನಿಗೇ ಡಾಲ್ಫಿನ್ ಅಂತ ಹೇಳೋದು. ಶುಕ್ರವಾರ ರಾತ್ರಿ ಅಲ್ಲಿ ಮೀನು ಹುರಿಯೋ ಜಾತ್ರೆನೇ, ಹಾಡು, ಕುಣಿತ, ಹೊಗೆ. ಒಂದು ಸಲ ನೋಡಿ ಸಾಕು, ಉಳಿದ ದಿನ ಬೆಳಿಗ್ಗೆ ಹಸಿ ಮೀನು ತಂದು ಮನೇಲೇ.

ಆದ್ರೆ ನನಗೆ ಊರು ಅನಿಸಿದ್ದು ಮೀನಿಂದ ಅಲ್ಲ, ಹಿತ್ತಲಿಂದ. ಯಜಮಾನಿಯ ಹಿತ್ತಲಲ್ಲಿ ದೀವಿ ಹಲಸಿನ ಮರ! ನಮ್ಮ ಪಕ್ಕದ ಮನೆ ಕೊಂಕಣಿಯವ್ರು ನೀರ್‌ಪಣಸ ಅಂತಾರಲ್ಲ, ಅದೇ. ಬ್ಲೈ ಅನ್ನೋ ಕ್ಯಾಪ್ಟನ್ 1793ರಲ್ಲಿ ತಾಹಿಟಿಯಿಂದ ಸಸಿ ತಂದು ಸೇಂಟ್ ವಿನ್ಸೆಂಟ್, ಜಮೈಕಾದಲ್ಲಿ ಇಳಿಸಿದ್ದು, ಕಬ್ಬಿನ ತೋಟದ ಗುಲಾಮರಿಗೆ ಅಗ್ಗದಲ್ಲಿ ಹೊಟ್ಟೆ ತುಂಬಿಸೋದಕ್ಕೆ ಅಂತ. ಅಲ್ಲಿಯವ್ರು ಅದನ್ನ ಇಡಿಯಾಗಿ ಕೆಂಡದಲ್ಲಿ ಸುಟ್ಟು ಬೆಣ್ಣೆ ಹಚ್ಚಿ ತಿಂತಾರೆ. ನಾನು ತೆಳ್ಳಗೆ ಹೆಚ್ಚಿ ಉಪ್ಪು ಖಾರ ಹಚ್ಚಿ ರವೆಯಲ್ಲಿ ಹೊರಳಿಸಿ ಫೋಡಿ ಮಾಡಿದೆ, ಯಜಮಾನಿ ನಿಂತಲ್ಲೇ ಆರು ಹೋಳು ತಿಂದ್ರು. ಆಮೇಲೆ ದಿನಾ ಒಂದು ಕಾಯಿ ನಮ್ಮ ಬಾಗಿಲಲ್ಲಿ. ಸಾಮಾನು ತುಂಬಾ ತುಟ್ಟಿ ಅಲ್ಲಿ, ಬಹಳಷ್ಟು ಹೊರಗಿಂದ ಬರಬೇಕು, ಸೇಬು ದ್ರಾಕ್ಷಿ ಮುಟ್ಟೋ ಹಾಗಿಲ್ಲ. ಊರಲ್ಲಿ ಬೆಳೆದಿದ್ದು ತಿಂದ್ರೆ ಬದುಕಬಹುದು. ನಲ್ಲಿ ನೀರು ಸೀದಾ ಕುಡೀಬಹುದು, ಸುಣ್ಣಕಲ್ಲಿನ ದ್ವೀಪ ಆದ್ದರಿಂದ ಕಲ್ಲೊಳಗೇ ಸೋಸಿ ಬರ್ತದೆ.

ಓಡಾಟಕ್ಕೆ ಕಾರ್ ಬೇಡ. 34 ಕಿಲೋಮೀಟರ್ ಉದ್ದದ ಊರು, ಬಸ್ಸಿಗೆ ಎಷ್ಟೇ ದೂರ ಹೋದ್ರೂ ಅಲ್ಲಿಯ ಮೂರೂವರೆ ಡಾಲರ್. ಝಡ್‌ಆರ್ ಅಂತ ಬಿಳಿ ವ್ಯಾನು ಇವೆ, ನಮ್ಮ ಟೆಂಪೋ ಅಣ್ಣತಮ್ಮಂದಿರೇ, ನಾಲ್ಕು ಜನರ ಸೀಟಲ್ಲಿ ಐದು, ಹಾಡು ಕಿವಿ ಕಿತ್ತೋಗೋ ಹಾಗೆ. ಪೂರ್ವಕ್ಕೆ ಬಾತ್‌ಶೀಬಾದಲ್ಲಿ ಅಟ್ಲಾಂಟಿಕ್ ಅಲೆ, ಅಲ್ಲಿ ಈಜೋ ಹುಚ್ಚು ಬೇಡ, ಕಂದು ಬಣ್ಣದ ಕಡಲಪಾಚಿ ಬಂದು ಬಿದ್ದ ದಿನ ವಾಸನೆ ಬೇರೆ. ಪಶ್ಚಿಮದ ದಂಡೆ ಕಾಳಿ ನದಿ ಥರ ಶಾಂತ. ದಂಡೆ ಎಲ್ಲ ಸಾರ್ವಜನಿಕ, ಫೈವ್ ಸ್ಟಾರ್ ಹೋಟೆಲ್ ಮುಂದೇನೂ ಟವೆಲ್ ಹಾಸಿ ಕೂತ್ವಿ. ಕೆಂಪು ಪಟ್ಟಿ ಬಳಿದ ಮರ ಇದ್ರೆ ಮಾತ್ರ ಮಳೆ ಬಂದ್ರೂ ಕೆಳಗೆ ನಿಲ್ಲಬೇಡಿ, ಮ್ಯಾಂಚಿನೀಲ್ ಅಂತ, ಹಾಲು ತಾಗಿದ್ರೆ ಚರ್ಮ ಬೊಬ್ಬೆ ಏಳ್ತದೆ, ಕಾಯಂತೂ ಬಾಯಿಗೆ ಹಾಕಲೇಬೇಡಿ.

ಹೋಗೋರಿಗೆ ಇನ್ನೊಂದು, ಮಿಲಿಟರಿ ಡಿಸೈನಿನ ಬಟ್ಟೆ ಒಯ್ಯಬೇಡಿ. ಅಲ್ಲಿ ಸಾಮಾನ್ಯರು ಹಾಕೋದು ಕಾನೂನಿಗೆ ವಿರುದ್ಧ. ನಮ್ಮದು ನೇವಿ ಊರು, ಬಜಾರಲ್ಲಿ ಆ ಟೋಪಿ ರಾಶಿ ರಾಶಿ, ಇವರೂ ಒಂದು ಹಾಕ್ಕೊಂಡು ಬಂದಿದ್ರು. ಯಜಮಾನಿ ಮೊದಲ ದಿನವೇ ತಲೆಯಿಂದ ತೆಗೆದು ಕಪಾಟಿಗೆ ಹಾಕಿ ಬೀಗ ಹಾಕಿದ್ರು, ಬರೋ ದಿನ ವಾಪಸ್ ಕೊಟ್ರು. ಇದನ್ನ ಹೇಳೋದು ಏಜೆನ್ಸಿ ಕೆಲಸ ಆಗಿರ್ಲಿಲ್ವಾ?

ಗ್ರೌಂಡ್ ನೋಡಿದ್ವಿ ಮತ್ತೆ. ಕೆನ್ಸಿಂಗ್ಟನ್ ಓವಲ್, ಹೊರಗೆ ಅಲ್ಲಿಯವ್ರೇ ಆದ ಹಳೇ ಕ್ರಿಕೆಟಿಗ ಸೋಬರ್ಸ್ ಪ್ರತಿಮೆ. ಹುಲ್ಲಿನ ಮೇಲೆ ಬಿಡ್ಲಿಲ್ಲ. ನನಗೆ ರಜೆಯಲ್ಲಿ ಶಾಲೆ ಅಂಗಳ ನೋಡಿದ ಹಾಗೆ ಆಯ್ತು, ಇವರು ಮಾತ್ರ ಸ್ಟ್ಯಾಂಡಲ್ಲಿ ಕೂತು ಸೂರ್ಯ ಇಲ್ಲೇ ಹಿಡಿದಿದ್ದು, ಅಲ್ಲ ಆ ಕಡೆ ಅಂತ ಅರ್ಧ ತಾಸು ಒಬ್ಬರೇ ವಾದ ಮಾಡ್ಕೊಂಡ್ರು. ಮನೆಗೆ ಬಂದು ಫೋಡಿ ತಿಂದು ಮಲಗಿದ್ರು.

ಈಳಿಗೆಮಣೆ ಯಜಮಾನಿಗೇ ಕೊಟ್ಟು ಬಂದೆ, ಮಿಕ್ಸಿ ಹೊತ್ಕೊಂಡು ಬಂದೆ. ಬಂದು ಎರಡು ವಾರಕ್ಕೆ ಏಜೆನ್ಸಿ ಹುಡುಗನ ಫೋನು, ಸರ್ ಬಾಲಿ ಪ್ಯಾಕೇಜ್ ಇದೆ, ಐದು ದಿನ ನಾಲ್ಕು ರಾತ್ರಿ, ಸೂಪರ್ ರೇಟ್. ಅಲ್ಲಿ ಎಷ್ಟು ವೋಲ್ಟು ಅಂತ ಕೇಳಿ ಅಂತ ನಾನು ಒಳಗಿಂದ ಕೂಗಿದೆ. ಚೆಕ್ ಮಾಡಿ ಹೇಳ್ತೇವೆ ಅಂದ್ರಂತೆ.